ಕೊನೆಯ ಶನಿವಾರದ ಗೋಲ್‌ಕೀಪರ್

ಥಾರ್ನ್‌ಬೆಕ್,
ಮಂಗಳವಾರ, ೨೯ ಏಪ್ರಿಲ್ ೨೦೦೩

ಪ್ರೀತಿಯ ಟ್ರೆವ್,

ನಿನ್ನ ಸೊಂಟ ಹೇಗಿದೆ? ಮಿಸೆಸ್ ಪ್ಯೂ ಆ ಕುಸಿಯುವ ಹಾಸಿಗೆಯ ಕೆಳಗೆ ಹಲಗೆ ಹಾಕಿಸಿದರೋ ಇಲ್ಲವೋ? ಮನೆಯೊಡತಿಯನ್ನು ಅಷ್ಟು ಕೇಳುವ ಹಕ್ಕು ಬಾಡಿಗೆ ಕೋಣೆಯವರಿಗೂ ಇದೆ, ಸಂಕೋಚಪಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಬೆತ್‌ಳ ಕೆಮ್ಮು ಹೋಯಿತು. ಭಾನುವಾರದ ಊಟಕ್ಕೆ ಬಂದ ನಿನ್ನ ಅಪ್ಪ ಸೋಮವಾರ ಉಳಿದ ಮಾಂಸವನ್ನೂ ಮುಗಿಸಿಯೇ ಹೊರಟರು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ, ನೋಡೋಣ" ಎಂದು ಹವಾಮಾನದ ಮಾತಿಗೆ ಹೊರಳುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ.

ಭಾನುವಾರ ಸಂಜೆ ರೈಲಿಗೆ ಹೊರಟಾಗ ನೀನು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದೆ: "ಶನಿವಾರ ನೀನೇ ಗೋಲಿಗೆ ನಿಲ್ಲು ಅಂದ ಹಾಬ್ಸನ್. ಗುರುವಾರದೊಳಗೆ ಹೇಳ್ಬೇಕಂತೆ. ಆಗಲ್ಲ ಅಂತೀನಿ. ಅದು ಆಟ ಅಲ್ಲ ಕಣೇ, ನಿವೃತ್ತಿ ದಿನ ಕೊಡೋ ಗೋಡೆ ಗಡಿಯಾರ." ತಂಡ ಮೇಲಿನ ದರ್ಜೆಗೂ ಏರುವುದಿಲ್ಲ, ಕೆಳಗಿನ ದರ್ಜೆಗೂ ಇಳಿಯುವುದಿಲ್ಲ ಎಂದಾದ ಮೇಲೆ, ಮ್ಯಾನೇಜರುಗಳು ವರ್ಷದ ಕೊನೆಯ ಪಂದ್ಯವನ್ನು ಎರಡನೆಯ ಗೋಲ್‌ಕೀಪರ್‌ಗೆ ಬಿಟ್ಟುಕೊಡುವ ಪದ್ಧತಿ ನನಗೂ ಗೊತ್ತು. ಹತ್ತೊಂಬತ್ತು ವರ್ಷ, ಆರು ಕ್ಲಬ್ಬು, ನಲವತ್ತೊಂದು ಪಂದ್ಯ. ಉಳಿದ ಶನಿವಾರಗಳೆಲ್ಲ ಬೆಂಚಿನ ಮೇಲೆ.

ಸೋಮವಾರ ಊಟದ ಹೊತ್ತಿಗೆ ಮಾವನಿಗೆ ವಿಷಯ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ, "ಅವನ ಕುಂಡೆ ಮೇಲೆ ಬೆಂಚಿನ ಪಟ್ಟಿ ಅಚ್ಚಾಗಿದೆ. ಒಂದ್ಸಲ ಎದ್ದು ನಿಲ್ಲೋಕೆ ಏನ್ ದಾಡಿ ಅವನಿಗೆ?" ಅಂದರು. ಬೆತ್ ನಕ್ಕಳು. ಆಮೇಲೆ, "ಅಪ್ಪ ಆಡಿದ್ದನ್ನ ನಾನು ನೋಡೇ ಇಲ್ವಲ್ಲ ತಾತ. ಆಟಕ್ಕೆ ಮುಂಚೆ ಇನ್ನೊಬ್ಬ ಗೋಲ್‌ಕೀಪರ್ ಕಡೆ ಚೆಂಡು ಒದ್ದು ಒದ್ದು ಅವನ ಕೈ ಬೆಚ್ಚಗೆ ಮಾಡ್ತಾನೆ, ಆಮೇಲೆ ಕೋಟು ಹಾಕ್ಕೊಂಡು ಕೂತ್ಕೋತಾನೆ" ಅಂದಳು. ಅದರಲ್ಲಿ ದೂರೇನೂ ಇರಲಿಲ್ಲ, ನಮ್ಮಪ್ಪ ಬಸ್ಸು ಓಡಿಸುತ್ತಾನೆ ಎನ್ನುವ ಮಗುವಿನ ಧಾಟಿಯಿತ್ತು. ಅದಕ್ಕೇ ನನಗೆ ಚುಚ್ಚಿದ್ದು. ನೀನು ಕೊನೆಯ ಸಲ ಆಡಿದಾಗ ಅವಳಿಗೆ ಎರಡು ವರ್ಷ, ನನ್ನ ಕೋಟಿನೊಳಗೆ ನಿದ್ದೆ ಹೋಗಿದ್ದಳು. ಈಗ ಹನ್ನೊಂದು. ಆ ದಿನ ನೀನು ಎಡಕ್ಕೆ ಹಾರಿ ಪೆನಾಲ್ಟಿ ತಡೆದೆ, ಕೆಸರಿನಿಂದ ಎದ್ದು, ಏನೂ ಆಗಿಲ್ಲವೆಂಬಂತೆ ತೋಳಿನಿಂದ ಮೂಗು ಒರೆಸಿಕೊಂಡೆ. ಆ ಮುಖವನ್ನು ಇಷ್ಟು ವರ್ಷ ನಾನೊಬ್ಬಳೇ ಇಟ್ಟುಕೊಂಡಿದ್ದು ಸಾಕು.

ಶನಿವಾರದ ಪಂದ್ಯವನ್ನು ನೀನು ಗಡಿಯಾರದಂಥ ದಾನ ಎನ್ನುತ್ತೀಯ. ಎದುರು ತಂಡದ ಹುಡುಗರಿಗೆ ಅದು ಗೊತ್ತಿರುತ್ತದೆಯೇ? ಅವರಲ್ಲಿ ಅರ್ಧ ಜನ ಮುಂದಿನ ವರ್ಷದ ಒಪ್ಪಂದಕ್ಕಾಗಿ ಬಾಯಿ ಬಿಡುತ್ತಿರುವವರು, ಜೋರಾಗಿಯೇ ಒದೆಯುತ್ತಾರೆ. ಚೆಂಡು ನಿನ್ನ ವಯಸ್ಸು ಕೇಳಿಕೊಂಡು ಬರುವುದಿಲ್ಲ. ಇಷ್ಟು ಶನಿವಾರ ಸಿದ್ಧನಾಗಿ ಕುಳಿತವನು, ಕರೆ ಬಂದ ದಿನ ಏಳದೆ ಹೋದರೆ ಆ ಕಾಯುವಿಕೆಗೆ ಅರ್ಥವೇನು ಟ್ರೆವ್? ಮೂರು ಗೋಲು ಬಿಟ್ಟರೂ ಮನೆಗೆ ಬಾ ಎನ್ನುತ್ತೇನೆ. ಆದರೆ ನೀನು ಬಿಡುವುದಿಲ್ಲ, ನನಗೆ ಗೊತ್ತು.

ಶನಿವಾರ ಬೆಳಗಿನ ರೈಲಿಗೆ ಮೂವರೂ ಬರುತ್ತೇವೆ. ನಿನ್ನ ಗೋಲಿನ ಹಿಂದೆಯೇ ನಿಲ್ಲುತ್ತೇವೆ. ಮಾವ ಮಡಚುವ ಕುರ್ಚಿ ತರುತ್ತಾರಂತೆ. ಒಳಗೆ ಬಿಡುವುದಿಲ್ಲ ಎಂದರೂ ಕೇಳುವುದಿಲ್ಲ.

ಮಿಸೆಸ್ ಪ್ಯೂ ಅವರನ್ನು ಕೇಳಿದೆನೆಂದು ಹೇಳು. ಮಲಗುವಾಗ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ.

ಎಂದೆಂದೂ ನಿನ್ನವಳು,
ಲಿನೆಟ್

ಮರೆತಿದ್ದೆ: ಬೀರುವಿನ ಮೇಲೆ, ಹಳೆಯ ಕಂಬಳಿಯಡಿ, ಹೊಸ ಕೈಗವಸು ಸಿಕ್ಕಿತು, ರಸೀದಿಯ ಸಮೇತ. ತಾರೀಖು ಕಳೆದ ಶನಿವಾರದ್ದು. ಆಡುವುದಿಲ್ಲ ಎನ್ನುವವನು ಹೋಗಿ ಕೊಂಡದ್ದೇಕೆ? ಹೊಸ ಕೈಗವಸು ಒಮ್ಮೆ ನೀರು ಕಾಣದೆ ಚೆಂಡಿಗೆ ಅಂಟುವುದಿಲ್ಲ ಎಂದು ಮದುವೆಯಾದ ವಾರವೇ ನನಗೆ ಕಲಿಸಿದವನು ನೀನು. ಬೆಳಿಗ್ಗೆ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದೆ. ಹಿಂಡಲಿಲ್ಲ, ಬಿಸಿಲಿಗೂ ಇಡಲಿಲ್ಲ. ಅಂಗಡಿಯವನು ಇನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಇದೇ ಪೊಟ್ಟಣದಲ್ಲಿದೆ, ಹಾಬ್ಸನ್‌ನ ಬಾಗಿಲು ತಟ್ಟುವ ಮೊದಲು ಒಮ್ಮೆ ಹಾಕಿಕೊಂಡು ನೋಡು. ಕಾಗದ ಒದ್ದೆಯಾಗಿದ್ದರೆ ನಾನು ಅತ್ತೆನೆಂದುಕೊಳ್ಳಬೇಡ. ಕೈಗವಸು ಇನ್ನೂ ಪೂರ್ತಿ ಒಣಗಿಲ್ಲ.