ಸೋಮವಾರದ ಮೊದಲ ಚೀಟಿ

3-6-2004, ಗುರುವಾರ

ಇವತ್ತೂ ಅದೇ. ಹಾಲಿನ ಡೈರಿಯ ಒಂದೊಂದು ಪ್ರೋಗ್ರಾಮನ್ನೂ ಹೊಸ ವಿಂಡೋಸ್ ಎಕ್ಸ್‌ಪಿಯಲ್ಲಿ ಓಡಿಸಿ ನೋಡುವುದು, ಟಿಕ್ ಹಾಕುವುದು. ಸಂಬಳದ್ದು ಓಕೆ. ಸ್ಟೋರಿನದ್ದು ಓಕೆ. ಹಾಲಿನ ಫ್ಯಾಟ್ ಅಳೆದು ಚೀಟಿ ಕೊಡುವ ಹಳೇ ಪ್ರೋಗ್ರಾಂ ಮಾತ್ರ ಮಹಾ ಮೊಂಡು. ‘ಇದು ಇನ್ನೂ ವಿಂಡೋಸ್ 98 ಕಣಪ್ಪ’ ಎಂದು ನಂಬಿಸುವ ಸೆಟ್ಟಿಂಗ್ ಹಾಕಿದ ಮೇಲೆ ಓಡಿತು.

ಮೊದಲ ಪ್ರಯೋಗ ತಿ. ನರಸೀಪುರದ, ಹಾಲು ತಂಪು ಮಾಡಿಡುವ ಚಿಲ್ಲಿಂಗ್ ಸೆಂಟರ್‌ನಲ್ಲಿ. ಸಂಜೆಯೇ ಹೋಗಿ ಹಾಕಿ ಬಂದೆ. ಆಪರೇಟರ್ ಚಿಕ್ಕಸ್ವಾಮಿ ಯಾವ ಸೆಟ್ಟಿಂಗನ್ನೂ ಮುಟ್ಟದ ಹಾಗೆ ಪಾಸ್‌ವರ್ಡಿನ ಬಂದೋಬಸ್ತ್ ಬೇರೆ. ಅಲ್ಲಿ ಸರಿಹೋದರೆ ಉಳಿದ ಸೆಂಟರ್‌ಗಳು, ಆಮೇಲೆ ಈ ನಂಜನಗೂಡು ಆಫೀಸು. ಸರಿಹೋಗದಿದ್ದರೆ... ಮ್ಯಾನೇಜರ್ ರಂಗಸ್ವಾಮಿ ಸರ್ ನನ್ನ ಕೆಲಸ ಖಾಯಂ ಮಾಡುವುದನ್ನು ಇದಕ್ಕೇ ತಡೆದಿಟ್ಟಿದ್ದಾರೆ.

7-6, ಸೋಮವಾರ

ಕೆಟ್ಟ ದಿನ. ಎಂಟಕ್ಕೆ ಮುಂಚೆಯೇ ಚಿಕ್ಕಸ್ವಾಮಿಯ ಫೋನ್. "ಮೇಡಮ್, ಒಸ ಸಿಸ್ಟಮ್ ಚೀಟಿ ಕೊಡ್ತಾ ಇಲ್ಲ." ಏನು ಎರರ್ ಬರುತ್ತಿದೆ ಎಂದರೆ "ಏನೋ ಬತ್ತದೆ ಮೇಡಮ್, ಇಂಗ್ಲಿಷಲ್ಲಿ." ಅಯ್ಯೋ ನನ್ನ ಕರ್ಮವೇ. ಒಂಬತ್ತಕ್ಕೆ ತಾನಾಗೇ ಸರಿಹೋಯಿತಂತೆ. ಅಷ್ಟರಲ್ಲಿ ಬಿಸಿಲಿಗೆ ನಿಂತ ಎರಡು ಕ್ಯಾನ್ ಹಾಲು ಒಡೆದಿದೆ.

11-6, ಶುಕ್ರವಾರ

ಮಂಗಳವಾರದಿಂದ ಒಂದು ತಕರಾರೂ ಇಲ್ಲ. ನಾನು ಏನೂ ಮಾಡಿಲ್ಲ. ಅದೇ ಭಯ.

14-6, ಸೋಮವಾರ

ಮತ್ತೆ. ಅದೇ ಹೊತ್ತಿಗೆ ಕೆಟ್ಟಿತು, ಒಂಬತ್ತಕ್ಕೆ ಸರಿಯಾಯಿತು. ಸೋಮವಾರ ಮಾತ್ರ ಕೆಡುವ ಕಂಪ್ಯೂಟರನ್ನು ಯಾರಾದರೂ ಕಂಡಿದ್ದಾರೆಯೇ? ವೈರಸ್ ಸ್ಕ್ಯಾನ್ ಸೋಮವಾರಕ್ಕಿದೆಯೇ ನೋಡಿದೆ — ಇಲ್ಲ. ಬ್ಯಾಕಪ್ — ಶನಿವಾರ.

ರಂಗಸ್ವಾಮಿ ಸರ್ ರೇಗಲೂ ಇಲ್ಲ, ಅದೇ ಹೆಚ್ಚು ಚುಚ್ಚಿತು. "ನೋಡಮ್ಮ ಪವಿತ್ರ, ಇನ್ನೊಂದ್ ಸಲ ಹಾಲು ಕೆಟ್ರೆ ಎಲ್ಲಾ ಹಳೇದಕ್ಕೇ ವಾಪಸ್. ನಿನ್ ವಿಷಯಾನೂ ಆಮೇಲ್ ನೋಡಣ." ಅಮ್ಮ ಕಟ್ಟಿಕೊಟ್ಟ ಊಟ ಮುಟ್ಟದೆ ಹಾಗೇ ಮನೆಗೆ, ದೇವನೂರಿಗೆ ವಾಪಸ್ ತಂದೆ.

21-6, ಸೋಮವಾರ

ನಾನೇ ಹೋದೆ. ನಿನ್ನೆ ಸಂಜೆಯೇ ನರಸೀಪುರಕ್ಕೆ ಹೋಗಿ ಚಿಕ್ಕಮ್ಮನ ಮನೆಯಲ್ಲಿದ್ದೆ.

ಏಳೂವರೆ ದಾಟಿದ ಮೇಲೆ ಹಾಲಿನ ಗಾಡಿ ಬಂತು. ಕಂಪ್ಯೂಟರ್ ಚೆನ್ನಾಗೇ ಇದೆ. ಆದರೆ ಚಿಕ್ಕಸ್ವಾಮಿ ಪ್ರೋಗ್ರಾಮನ್ನು ತೆಗೆಯುವುದೇ ಇಲ್ಲ. ಸ್ಕ್ರೀನಿನ ಮೂಲೆಯ ಗಡಿಯಾರವನ್ನು ಮೌಸಿನಿಂದ ಕುಟ್ಟುತ್ತಿದ್ದಾರೆ. ಟೈಮ್ ಬದಲಿಸುವ ಅಧಿಕಾರ ನಿನಗಿಲ್ಲ ಎಂದು ಎಕ್ಸ್‌ಪಿ ಇಂಗ್ಲಿಷಿನಲ್ಲಿ ಹೇಳುತ್ತಿದೆ.

"ಟೈಮ್ ಯಾಕ್ರೀ ಬದಲಾಯಿಸ್ತೀರ?"

ತಲೆ ಕೆರೆದುಕೊಂಡರು. "ಸೋಮ್ವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಅಲ್ವಾ ಮೇಡಮ್. ದಿನದ ಮೊದಲ್ನೇ ಚೀಟಿ ಮ್ಯಾಲೆ ಆ ಟೈಮ್ ಬಿದ್ರೆ ಯಾರೂ ಈಸ್ಕಳಾಕಿಲ್ಲ, ಒಂಬತ್ತರ ಗಂಟ ಕಾಯ್ತಾರೆ. ಹಳೇದ್ರಲ್ಲಿ ಏಳು ಗಂಟೆಗೆ ತಿರುಗಿಸ್ಕೊಂಡು, ಒಂದ್ ಚೀಟಿ ತಗ್ದು, ಆಮೇಲ್ ಸರಿ ಮಾಡ್ತಿದ್ದೆ."

"ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ನೀವ್ ನಗ್ತೀರ ಅಂತ."

ನಗು ಬರಲಿಲ್ಲ. ಮೊದಲು ಕೋಪ ಬಂತು. ಆಮೇಲೆ ಎದೆ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು. ಪ್ರೋಗ್ರಾಂ ಕೆಟ್ಟಿಲ್ಲ, ನಾನೂ ಕೆಟ್ಟಿಲ್ಲ. ನಮ್ಮ ಮನೆಯಲ್ಲೂ ನೋಡುವ ರಾಹುಕಾಲವೇ, ನನಗೆ ಹೊಳೆಯಲಿಲ್ಲ ಅಷ್ಟೇ.

ಇವತ್ತಿನ ಮಟ್ಟಿಗೆ ನನ್ನ ಪಾಸ್‌ವರ್ಡ್ ಹಾಕಿ ನಾನೇ ಗಡಿಯಾರ ಹಿಂದಕ್ಕೆ ತಿರುಗಿಸಿದೆ. ಹಾಲು ಉಳಿಯಿತು. ಆದರೆ ವಾರವಾರ ಹೀಗೆ ಮಾಡಿದರೆ ಆಫೀಸಿನ ಟೈಮಿಗೂ ಅಲ್ಲಿನದಕ್ಕೂ ತಾಳೆಯಾಗುವುದಿಲ್ಲ. ದಿನಾ ಏಳು ಗಂಟೆಗೆ ಮಷೀನ್ ತೊಳೆದು, ಮೊದಲು ನೀರು ಹಾಕಿ ಅಳೆದು ನೋಡುತ್ತಾರಲ್ಲ — ಅದಕ್ಕೇ ಒಂದು ಚೀಟಿ ತೆಗೆದರೆ? ಅದೇ ದಿನದ ಬೋಣಿ, ರಾಹುಕಾಲಕ್ಕೂ ಮುಂಚೆ. ಹಾಲು ತಂದು ಸಾಲಿನಲ್ಲಿ ಮುಂದೆ ನಿಂತಿದ್ದ ವಿಶಾಲಮ್ಮನವರನ್ನು ಕೇಳಿದೆವು. ಕ್ಯಾನಿನ ಮೇಲೆ ಕೈಯಿಟ್ಟು ಯೋಚಿಸಿದರು.

"ಗಂಗಮ್ಮನೇ ಮೊದ್ಲು ಅಂದ್ರೆ ಯಾರ್ ಬ್ಯಾಡ ಅಂತಾರವ್ವ. ಆ ನೀರ್ನ ನಮ್ ಹಾಲಿನ ಚೀಟೀಲಿ ಬರೀಬ್ಯಾಡಿ, ಅಷ್ಟೇಯ."

ಡೈರಿಯಲ್ಲಿ ನೀರಿನ ಬೋಣಿ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಕೂತಿದ್ದೆ.

28-6, ಸೋಮವಾರ. ಬೆಳಿಗ್ಗೆ, ಆಫೀಸು

ಬೇಕೆಂದೇ ನರಸೀಪುರಕ್ಕೆ ಹೋಗಿಲ್ಲ. ನಾನಿಲ್ಲದೆ ನಡೆಯಬೇಕು. ರಂಗಸ್ವಾಮಿ ಸರ್ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಎಂಟಾಗುತ್ತಾ ಬಂತು. ಫೋನ್ ಇಲ್ಲ.

ಮಧ್ಯಾಹ್ನ, ಮನೆ

ಬಂತು. ಫೋನ್ ಸರ್ ಅವರೇ ಎತ್ತಿದರು. ಚಿಕ್ಕಸ್ವಾಮಿಯ ದನಿ ನನಗೂ ಕೇಳುವಷ್ಟು ಜೋರು. "ಎಲ್ಲಾ ಹಾಲು ಟ್ಯಾಂಕಿಗೆ ಓಯ್ತು ಸಾ. ಮೇಡಮ್ಗೆ ಯೋಳಿ." ಸರ್ ಫೋನಿಟ್ಟರು. "ನಾಳೆಯಿಂದ ಮಿಕ್ಕಿದ್ ಸೆಂಟರ್ ಶುರು ಮಾಡು. ನಿನ್ ಖಾಯಮಾತಿಗೆ ಇವತ್ತೇ ಸೈನ್ ಹಾಕ್ತೀನಿ. ಈಗ ಮನೆಗೋಗಿ ಮಲಿಕ್ಕೊ, ಮುಖ ನೋಡಕ್ಕಾಗ್ತಿಲ್ಲ." ಬಾತ್‌ರೂಮಿಗೆ ಹೋಗಿ ಅತ್ತೆ. ಖುಷಿಗೇ.

ಮನೆಗೆ ಬಂದು ಎರಡನೇ ಮುದ್ದೆ ಕೇಳಿದೆ. "ಎಷ್ಟ್ ದಿನ ಆಗಿತ್ತವ್ವ ನೀನು ಇಂಗ್ ಉಂಡು" ಎಂದರು ಅಮ್ಮ.

ನಾಳೆ ಮೊದಲು ಕವಲಂದೆ ಸೆಂಟರ್. ಈ ಸಲ ಪ್ರೋಗ್ರಾಂ ಆಮೇಲೆ. ಬೆಳಿಗ್ಗೆ ಬಂದವರು ಮೊದಲು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಪಕ್ಕದಲ್ಲೇ ಕೂತು ನೋಡಬೇಕು. ಇನ್ನೂ ಏನೇನು ಕೇಳಬೇಕೆಂದು ಈಗಲೇ ಬರೆದಿಡುತ್ತೇನೆ... ಕಣ್ಣು ಎಳೆಯುತ್ತಿದೆ. ಅಮ್ಮ ಚಾಪೆ ಹಾಸಿದ್ದಾರೆ. ಐದೇ ನಿಮಿಷ ಒರಗಿ, ಎದ್ದು ಉಳಿದದ್ದನ್ನು—