ತಂಗಿ ಗುರುತಿಸಿದ ನೇರಳೆ ಹರಳು

ಮಾರ್ಚ್ ೧೨, ಮಂಗಳವಾರ

ಹೊಟ್ಟೆಯುರಿ ಇನ್ನೂ ಆರಿಲ್ಲ. ಇವತ್ತು ನಾನೂ ತಂಗಿಯೂ ಕೆಲಸ ಮಾಡುವ ಮ್ಯೂಸಿಯಮ್ಮಿಗೆ ವಯಸ್ಸಾದ ಹೆಂಗಸೊಬ್ಬರು ನೇರಳೆ ಕಲ್ಲೊಂದನ್ನು ತಂದು, "ಇದೇನು ನೋಡಮ್ಮ" ಅಂದರು. ಬಣ್ಣ ಕಂಡದ್ದೇ ತಡ, "ನೇರಳೆ ಸ್ಫಟಿಕ, ಅಮೆಥಿಸ್ಟ್" ಅಂದುಬಿಟ್ಟೆ.

ತಂಗಿ ಮೇಲಧಿಕಾರಿಯ ಎದುರಿಗೇ ಬಗ್ಗಿ ನೋಡಿದಳು. "ಅಲ್ಲಕ್ಕಾ, ಅದಾಗಿದ್ರೆ ಹರಳು ಮೊನಚಾಗಿ ಮೇಲೆದ್ದಿರ್ತಿತ್ತು. ಇದು ದಾಳದ ಹಾಗೆ ಚೌಕಚೌಕ ಇದೆ. ಫ್ಲೋರೈಟ್ ಅನ್ನೋ ಬೇರೆ ಕಲ್ಲಿರಬೇಕು."

ಅವಳು ಹೇಳಿದ್ದೇ ಸರಿ. ನಾನು ಇಷ್ಟು ವರ್ಷ ಆಸೆಪಟ್ಟು ಕಾದಿದ್ದ ಹರಳುಗಳ ಕೋಣೆಯನ್ನು ಸಂಜೆ ಅವಳಿಗೇ ವಹಿಸಿದರು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳಿಗೆ!

ಅವಳೋ ಎಲ್ಲರ ಮುಂದೆ, "ನಂಗೆ ಕಲ್ಲು ನೋಡೋದು ಕಲಿಸಿದ್ದೇ ನಮ್ಮಕ್ಕ" ಅಂದಳು. ಒಂದಿಷ್ಟು ಜಂಬ ಕೊಚ್ಚಿಕೊಂಡಿದ್ದರೆ ನೆಮ್ಮದಿಯಾಗಿ ಬೈದುಕೊಳ್ಳಬಹುದಿತ್ತು. ಅದಕ್ಕೂ ಕಲ್ಲು ಹಾಕಿದಳು.

ಈಗ ಪಕ್ಕದಲ್ಲೇ ಮಗುವಿನ ಹಾಗೆ ಮಲಗಿದ್ದಾಳೆ. ಆ ನಿದ್ದೆ ಕಂಡರೂ ನನಗೆ ಹೊಟ್ಟೆಯುರಿ.