ನಮ್ಮ ಬೀದಿಯ ಸರದಿ

ಅತ್ತೆ,

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಶಿಬಿರದಲ್ಲಿ ನನ್ನನ್ನು ಬೈದಿರಂತೆ. ನಿಜ, ಭೂಕಂಪಕ್ಕೆ ಕುಸಿದ ಬೀದಿಗಳಿಗೆಲ್ಲ ಮಣ್ಣೆತ್ತುವ ಯಂತ್ರ ಕಳಿಸುವವಳು ನಾನೇ. ನಿಮ್ಮ ಮಗ ಸಿಕ್ಕಿಕೊಂಡಿರುವ ನಮ್ಮ ಮನೆಗೆ ಮಾತ್ರ ಕಳಿಸಲಿಲ್ಲ.

ಯಾವ ಬೀದಿಗೆ ಹೋದರೂ ಮೊದಲು ಸೀಟಿ ಊದಿ, ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಡುತ್ತೇವೆ. ದನಿ ಕೇಳಿಸಿದರೆ ಕೈಯಲ್ಲೇ ಬಗೆಯುತ್ತೇವೆ. ಇನ್ನು ಕೇಳಿಸದು ಎಂದು ಕೈಬಿಟ್ಟ ಕಡೆಗೆ ಮಾತ್ರ ಯಂತ್ರ. ಅದಕ್ಕೇ ನಮ್ಮ ಬೀದಿಯ ಸರದಿಯನ್ನು ದಿನವೂ ಹಿಂದಕ್ಕೆ ತಳ್ಳುತ್ತಿದ್ದೆ.

ನಿನ್ನೆ ನಮ್ಮ ಮನೆಯ ಮುಂದೆ ಮತ್ತೆ ಸೀಟಿ ಊದಿಸಿ, ನೀವು ಕರೆಯುವ ಹಾಗೆ "ಪುಟ್ಟೂ" ಎಂದು ಕೂಗಿದೆ. ಕೊನೆಗೆ ಮೇಸ್ತ್ರಿಯೇ, "ಅಕ್ಕಾ, ಪಕ್ಕದ ಬೀದೀಲಿ ಯಾರೋ ತಟ್ತಾ ಇದ್ದಾರೆ, ಹೋಗೋಣ" ಎಂದ.

ಇವತ್ತು ಯಂತ್ರ ನಮ್ಮ ಮನೆಗೆ ಬರುತ್ತದೆ. ನೀವು ಬರಬೇಡಿ, ಗುಳಿಗೆ ನುಂಗಿ. ನೀವು ಹೊದೆಯುವ ಶಾಲು ಕೊಟ್ಟು ಕಳಿಸಿ. ಇಲ್ಲಿ ಹೊದಿಸಲು ಇರುವುದು ಬರೀ ಪ್ಲಾಸ್ಟಿಕ್.

ನಿಮ್ಮ ಸೊಸೆ